ಆಟಕ್ಕೆ ಅನ್ನದಾತರಾರು? ಬೆಳಗಾವಿ-ಖಾನಾಪುರಗಳ ಒಂದು ಪ್ರವಾಸ

ಉಂಡವನಿಗೆ ಊಟದ ರುಚಿಯು ತಿಳಿದಿರುತ್ತದೆ; ಆದರೆ ಆ ಅಡಿಗೆಗೆ ಕಟ್ಟಿಗೆಯು ಯಾರ ಮನೆಯಿಂದ ಬಂದಿತೆಂದು ವಿಚಾರಿಸುವವರು ವಿರಳ. ಆಟಗಳ ಸಂಗತಿಯೂ ಹೀಗೆಯೇ. ಆಟ ನೋಡಿ ಚಪ್ಪಾಳೆ ತಟ್ಟುವ ನಾವು, ಅದರ ಒಲೆಯು ಯಾರ ಕಟ್ಟಿಗೆಯಿಂದ ಉರಿಯುತ್ತಿದೆ ಎಂದು ಕೇಳುವದಿಲ್ಲ. ಈಚೆಗೆ ಬೆಳಗಾವಿ-ಖಾನಾಪುರಗಳ ಕಡೆಗೆ ನಾಲ್ಕು ದಿವಸ ಹೋಗಿ ಬಂದೆವು. ಆಗ ಈ ಪ್ರಶ್ನೆಯು ದಾರಿಯುದ್ದಕ್ಕೂ ನಮ್ಮನ್ನು ಬೆನ್ನಟ್ಟಿತು. ಅಲ್ಲಿ ಕಂಡದ್ದನ್ನೂ ನಮಗೆ ಹೊಳೆದದ್ದನ್ನೂ ವಾಚಕರ ಮುಂದಿಡುತ್ತೇವೆ.

ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಬೀಗರಿರುವರು. ಊರ ಜಾತ್ರೆಗೆ ಬರಬೇಕೆಂದೂ, ಬಂದ ಮೇಲೆ ಕುಸ್ತಿಗಳನ್ನು ನೋಡದೆ ಹೋಗಬಾರದೆಂದೂ ಅವರು ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದರು. ಈ ಸಲ ಯೋಗ ಕೂಡಿತು. ಮೊದಲನೆಯ ರಾತ್ರಿ ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ಇಳಿದುಕೊಂಡೆವು. ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿರಲು, ಮನೆಯ ಹುಡುಗನು ದೂರದರ್ಶನದಲ್ಲಿ ಯಾವುದೋ ಪರದೇಶದ ಗಾಲ್ಫ್ ಪಂದ್ಯವನ್ನು ಹಚ್ಚಿದನು. ಸ್ನೇಹಿತರ ತಾಯಿಯವರು, ಎಂಬತ್ತರ ಮೇಲಿನ ವಯಸ್ಸಿನವರು, ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಮೊಮ್ಮಗನನ್ನು ಕೇಳಿದರು:

"ಇದೇನಪಾ, ಕೋಲು ಹಿಡಕೊಂಡು ಹುಲ್ಲಿನ್ಯಾಗ ನಡಕೋತ ಹೊಂಟಾರ. ಇವರಿಗೆ ಊಟಕ್ಕ ಯಾರ ಹಾಕ್ತಾರ?"

"ಅವರ ಟೊಪ್ಪಿಗಿ ಮ್ಯಾಲೆ ಹೆಸರು ಬರದದ ನೋಡು ಆಯೀ, ಅವರಽ ಹಾಕ್ತಾರ," ಎಂದನು ಹುಡುಗ.

ಎಲ್ಲರೂ ನಕ್ಕರು. ಆದರೆ ಹುಡುಗನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಗಾಲ್ಫ್ ಆಟವನ್ನು ಬಲ್ಲವರು ನಮ್ಮ ವಾಚಕರಲ್ಲಿ ಕೆಲವರೇ ಇರಬಹುದು. ಚಿಕ್ಕದೊಂದು ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹದಿನೆಂಟು ಕುಳಿಗಳಲ್ಲಿ ಒಂದಾದ ಮೇಲೊಂದರಂತೆ ಬೀಳಿಸುವದೇ ಈ ಆಟವು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ಈ ಕುಳಿಗಳು ಆರು ಕಿಲೋಮೀಟರಿಗೂ ಮಿಕ್ಕಿದ ಹಾದಿಯಲ್ಲಿ ಹರವಿಕೊಂಡಿರುವದರಿಂದ, ಮೈದಾನದಲ್ಲಿ ನಿಂತ ಪ್ರೇಕ್ಷಕನಿಗೆ ಒಂದು ಕುಳಿಯು ಕಂಡರೆ ಉಳಿದ ಹದಿನೇಳು ಕಾಣಲಾರವು. ಇಡಿಯ ಆಟವು ಒಂದೇ ನೋಟಕ್ಕೆ ಸಿಕ್ಕುವದು ದೂರದರ್ಶನದ ಗಾಜಿನಲ್ಲಿ ಮಾತ್ರ. ಆದುದರಿಂದ ಈ ಆಟವು ಆ ಗಾಜಿಗೆ ಬಹು ಬೇಗನೆ ಅಧೀನವಾಯಿತು.

ಅಮೇರಿಕೆಯ ಪ್ರಸಿದ್ಧವಾದ ಮಾಸ್ಟರ್ಸ್ ಪಂದ್ಯವು 1956ರಲ್ಲಿ ಮೊದಲ ಸಲ ದೂರದರ್ಶನದಲ್ಲಿ ತೋರಿಸಲ್ಪಟ್ಟಿತು. ಅಲ್ಲಿಯ ಪಿ.ಜಿ.ಎ. ಚಾಂಪಿಯನ್‌ಶಿಪ್ ಎಂಬ ಇನ್ನೊಂದು ದೊಡ್ಡ ಪಂದ್ಯದಲ್ಲಿ ಮೊದಲು ಇಬ್ಬಿಬ್ಬರು ಎದುರುಬದುರಾಗಿ ಆಡಿ, ಸೋತವನು ಹೊರಬೀಳುವ ಪದ್ಧತಿಯಿತ್ತು. ಇದರಲ್ಲಿ ಹೆಸರಾಂತ ಆಟಗಾರನು ಮೊದಲ ದಿನವೇ ಸೋತು ಮನೆಗೆ ಹೋಗಬಹುದು. ಕಡೆಯ ಆಟವು ಕ್ಯಾಮರಾಗಳನ್ನು ನಿಲ್ಲಿಸಿದ ಕುಳಿಗಳನ್ನು ಮುಟ್ಟುವ ಮೊದಲೇ ಮುಗಿದುಹೋಗಬಹುದು. ತೋರಿಸುವವರಿಗೆ ಇದು ದೊಡ್ಡ ತೊಡಕು. 1958ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟು, ಎಲ್ಲರೂ ಆಡಿ ಹೊಡೆತಗಳನ್ನು ಎಣಿಸುವ ಕ್ರಮವನ್ನು ತಂದರು. 1960ರ ಸುಮಾರಿಗೆ ಆರ್ನಾಲ್ಡ್ ಪಾಮರ್ ಎಂಬ ಆಟಗಾರನೂ ಮಾರ್ಕ್ ಮೆಕಾರ್ಮಕ್ ಎಂಬ ವಕೀಲನೂ ಕೈ ಕುಲುಕಿ ವ್ಯವಹಾರ ಆರಂಭಿಸಿದರು. ಆಟಗಾರನ ಮುಖವೂ ಹೆಸರೂ ಮಾರಾಟದ ವಸ್ತುಗಳಾಗಬಲ್ಲವೆಂದು ಲೋಕವು ಅಂದಿನಿಂದ ಕಲಿಯಿತು.

ಈಚಿನ ಸಂಗತಿಯು ಇನ್ನೂ ವಿಚಿತ್ರವಾದದ್ದು. 2022ರಲ್ಲಿ ಸೌದಿ ಅರೇಬಿಯದ ಸರಕಾರಿ ನಿಧಿಯ ಹಣದಿಂದ ಲಿವ್ ಎಂಬ ಹೊಸ ಗಾಲ್ಫ್ ಮಂಡಲವು ಹುಟ್ಟಿತು. ಹಳೆಯ ಪಂದ್ಯಗಳಲ್ಲಿ ನಾಲ್ಕು ದಿನಕ್ಕೆ 72 ಕುಳಿಗಳು. ಇಲ್ಲಿ ಆಗ ಮೂರು ದಿನಕ್ಕೆ 54 ಇಟ್ಟರು. ರೋಮನ್ ಅಂಕಿಯಲ್ಲಿ 54ನ್ನು ಬರೆದರೆ ಆಗುವ ಅಕ್ಷರಗಳೇ ಆ ಮಂಡಲದ ಹೆಸರು! ಎಲ್ಲ ಆಟಗಾರರೂ ಬೇರೆ ಬೇರೆ ಕುಳಿಗಳಿಂದ ಏಕಕಾಲಕ್ಕೆ ಆರಂಭಿಸುವಂತೆಯೂ ಮಾಡಿದರು. ನೋಡುವವನಿಗೆ ಬೇಸರವಾಗಬಾರದು, ಆಟವು ಗೊತ್ತಾದ ಹೊತ್ತಿಗೆ ಮುಗಿಯಬೇಕು ಎಂಬದೇ ಇದರ ತಾತ್ಪರ್ಯ. ಅಲ್ಲಿಗೆ ಹೋದ ಆಟಗಾರರನ್ನು ಹಳೆಯ ಮಂಡಲದವರು ತಮ್ಮ ಪಂದ್ಯಗಳಿಂದ ದೂರವಿಟ್ಟರು. ಹೀಗೆ ಒಂದೇ ಆಟದವರು ಇಬ್ಬರು ಧಣಿಗಳ ಪಾಲಾದರು.

ಇದೆಲ್ಲವೂ ಕೇಡೆಂದು ನಾವು ಹೇಳುವದಿಲ್ಲ. ನಮ್ಮ ನಾಡಿನ ಚಿಕ್ಕರಂಗಪ್ಪನು ಬಿಡದಿಯ ಹತ್ತಿರದ ಹಳ್ಳಿಯವನು. ಗಾಲ್ಫ್ ಮೈದಾನದಲ್ಲಿ ಆಡುವವರ ಕೋಲಿನ ಚೀಲ ಹೊರುತ್ತಿದ್ದ ಹುಡುಗನೇ ಮುಂದೆ ಕೋಲು ಹಿಡಿದು, ಭಾರತದ ವೃತ್ತಿಪರ ಪಂದ್ಯಗಳಲ್ಲಿ ಅನೇಕ ಸಲ ಗೆದ್ದನು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಆದರೆ ಅಂಥ ಹುಡುಗನೊಬ್ಬನು ಈ ಆಟದಿಂದ ಹೊಟ್ಟೆ ಹೊರೆಯಬಹುದೆಂಬದು ಬಹುಮಾನದ ಹಣವೂ ಪ್ರಾಯೋಜಕರೂ ಬಂದ ಮೇಲಿನ ಮಾತು. ಹಣವು ಬಾಗಿಲು ತೆರೆಯುವದುಂಟು. ಬಾಗಿಲು ತೆರೆದ ಮೇಲೆ ಮನೆಯ ಯಜಮಾನಿಕೆ ಯಾರದೆಂಬದೇ ಪ್ರಶ್ನೆ.

ಮರುದಿನ ಮುಂಜಾನೆ ಸ್ನೇಹಿತರೊಡನೆ ಊರು ನೋಡಲು ಹೊರಟೆವು. ರಟ್ಟರ ಕಾಲದ ಕೋಟೆಯನ್ನೂ ಅದರೊಳಗಿನ ಕಮಲ ಬಸದಿಯನ್ನೂ ನೋಡಿದೆವು. ಬಸದಿಯ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಎಷ್ಟು ಸಲ ನೋಡಿದರೂ ತೃಪ್ತಿಯಾಗದು. ಅಲ್ಲಿಂದ ಕ್ಯಾಂಪಿನ ಮರಗಳ ನೆರಳಿನಲ್ಲಿ ನಡೆದೆವು. 1922ರಿಂದ ಇಲ್ಲಿ ಮರಾಠಾ ಪದಾತಿ ದಳದ ಶಿಕ್ಷಣಕೇಂದ್ರವಿದೆ. ಕುಸ್ತಿ, ಓಟ, ಹಾಕಿಗಳಲ್ಲಿ ಅನೇಕರಿಗೆ ಅನ್ನವನ್ನಿತ್ತ ಸ್ಥಳವಿದು. ಬಳಿಕ 1924ರ ಕಾಂಗ್ರೆಸ್ ಅಧಿವೇಶನದ ನೆನಪನ್ನು ಉಳಿಸಿಕೊಂಡಿರುವ ಬಾವಿಯ ಬಳಿ ಸ್ವಲ್ಪ ಹೊತ್ತು ಕುಳಿತೆವು. ಅಲ್ಲಿ ಸ್ನೇಹಿತರು, "ಗಾಂಧಿಯವರು ಇಲ್ಲಿ ಅಧ್ಯಕ್ಷರಾಗುವದಕ್ಕೆ ನಾಲ್ಕು ವರ್ಷ ಮೊದಲೇ ಈ ಊರಿನವನೊಬ್ಬನು ಒಲಿಂಪಿಕ್ಕಿನಲ್ಲಿ ಓಡಿ ಬಂದಿದ್ದನು, ಗೊತ್ತೇನು?" ಎಂದರು.

ಆತನೇ ಫಡೆಪ್ಪ ದರೆಪ್ಪ ಚೌಗುಲೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಓಟದ ಪಂದ್ಯಗಳನ್ನು ಸರ್ ದೊರಾಬಜಿ ಟಾಟಾ ಅವರು ನೋಡಿದರು. ಒಕ್ಕಲು ಮಕ್ಕಳು ಬರಿಗಾಲಿನಲ್ಲಿ, ಯಾವ ಶಾಸ್ತ್ರೀಯ ಶಿಕ್ಷಣವೂ ಇಲ್ಲದೆ, ಯುರೋಪಿನವರ ವೇಗಕ್ಕೆ ಸಮೀಪವಾಗಿ ಓಡುವದನ್ನು ಕಂಡು ಅವರು ಬೆರಗಾದರು. ಇವರನ್ನು ಲೋಕದ ಮುಂದೆ ನಿಲ್ಲಿಸಬೇಕೆಂದು ಮನಸ್ಸು ಮಾಡಿ, ಮುಂಬಯಿಯ ಗವರ್ನರರ ಬೆಂಬಲವನ್ನು ದೊರಕಿಸಿ, ತಮ್ಮ ಕೈಯಿಂದಲೂ ಹಣ ಹಾಕಿ, 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿಗೆ ನಾಲ್ವರು ಓಟಗಾರರನ್ನೂ ಇಬ್ಬರು ಜಟ್ಟಿಗಳನ್ನೂ ಕಳುಹಿಸಿಕೊಟ್ಟರು. ಆ ವರ್ಷದ ಮ್ಯಾರಥಾನ್ ಓಟವು 42.75 ಕಿಲೋಮೀಟರು, ಒಲಿಂಪಿಕ್ಕಿನ ಮ್ಯಾರಥಾನ್‌ಗಳಲ್ಲಿ ಅಷ್ಟು ಉದ್ದನೆಯದು ಮತ್ತೊಂದಿಲ್ಲ. ನಮ್ಮ ಚೌಗುಲೆಯು ಅದನ್ನು 2 ಗಂಟೆ 50 ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಸಿ 19ನೆಯವನಾದನು.

ದೊರಾಬಜಿಯವರೂ ಧನಿಕರೇ, ಕೊಟ್ಟದ್ದೂ ಹಣವೇ. ಆದರೆ ಅವರು ಓಟದ ದೂರವನ್ನು ಕಡಿಮೆ ಮಾಡಿರೆಂದು ಕೇಳಲಿಲ್ಲ. ಓಡುವವನು ಹೇಗಿದ್ದನೋ ಹಾಗೆಯೇ ಅವನನ್ನು ಮೆಚ್ಚಿ ಹಣವನ್ನು ಕೊಟ್ಟರು.

ಮಧ್ಯಾಹ್ನದ ರೈಲಿನಲ್ಲಿ ಖಾನಾಪುರಕ್ಕೆ ಹೊರಟೆವು. ಬೆಳಗಾವಿಯಿಂದ ರಸ್ತೆಯಲ್ಲಿ ಹೋದರೆ ಸುಮಾರು 26 ಕಿಲೋಮೀಟರು. ದೇಸೂರು, ಇದಲಹೊಂಡ ನಿಲ್ದಾಣಗಳು ದಾಟಿದಂತೆ ನೆಲದ ಬಣ್ಣವು ಕೆಂಪೇರುತ್ತ ಹೋಗುವದು. ಭತ್ತದ ಗದ್ದೆಗಳ ಆಚೆಗೆ ಸಹ್ಯಾದ್ರಿಯ ಕಾಡು ನೀಲಿಗೆರೆಯಂತೆ ಕಾಣಿಸುವದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಇನ್ನೂ ಎಳೆಯ ಹುಡುಗಿಯಂತೆ ಖಾನಾಪುರದ ಮಗ್ಗುಲಲ್ಲಿ ಹರಿಯುತ್ತಾಳೆ. ಈ ಸೀಮೆಯ ಮಣ್ಣು ಹೆಸರಾದದ್ದು. ಹಂಚು, ಇಟ್ಟಿಗೆ, ಗಡಿಗೆಗಳಿಗೆ ಖಾನಾಪುರವು ಬಹುಕಾಲದಿಂದ ಪ್ರಸಿದ್ಧವಾಗಿದ್ದು, ಕುಂಬಾರಿಕೆಯನ್ನು ಕಲಿಸುವ ಸಂಸ್ಥೆಯೂ ಇಲ್ಲಿದೆ. ಇದೇ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಹಲಸಿಯಲ್ಲಿ ಕದಂಬರ ಕಾಲದ ಗುಡಿಗಳಿವೆ. ಹೊತ್ತು ಸಾಲದ್ದರಿಂದ ಅವೆರಡನ್ನೂ ಮುಂದಿನ ಪ್ರವಾಸಕ್ಕೆ ಉಳಿಸಿಕೊಂಡು ಬೀಗರ ಹಳ್ಳಿಯನ್ನು ಸೇರಿದೆವು.

ಸಂಜೆ ಬೀಗರು ನಮ್ಮನ್ನು ಊರ ಗರಡಿಗೆ ಕರೆದೊಯ್ದರು. ತಗ್ಗಿನ ಬಾಗಿಲು, ಬಗ್ಗದೆ ಒಳಗೆ ಹೋಗಲಾಗದು. ಒಳಗೆ ಹನುಮಂತದೇವರ ಪಟ, ಎಣ್ಣೆಯ ದೀಪ, ಮೂಲೆಯಲ್ಲಿ ಲೋಡು ಮತ್ತು ಗದೆಗಳು, ನಡುವೆ ಕೆಂಪು ಮಣ್ಣಿನ ಕಣ. ಆ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಲಿಂಬೆಯ ರಸ, ಅರಿಷಿಣಗಳನ್ನು ಕಲಸಿ ಹದಗೊಳಿಸಿರುತ್ತಾರೆ. ಕೈಯಲ್ಲಿ ಹಿಡಿದರೆ ಹೂರಣದಷ್ಟು ಮೃದು. ಎಪ್ಪತ್ತು ದಾಟಿದ ವಸ್ತಾದರು ಕಟ್ಟೆಯ ಮೇಲೆ ಕುಳಿತು ಹುಡುಗರ ಜೋರು ನೋಡುತ್ತಿದ್ದರು. ಮರುದಿನ ಒಂದನೆಯ ನಂಬರಿನ ಕುಸ್ತಿ ಹಿಡಿಯುವವನು ಅವರ ಶಿಷ್ಯನೇ, ಇಪ್ಪತ್ತೆರಡು ವರ್ಷದ ಒಕ್ಕಲಿಗರ ಹುಡುಗ.

"ವಸ್ತಾದರೇ, ಈ ಹುಡುಗನ ಖುರಾಕಿಗೆ ಹಣ ಎಲ್ಲಿಂದ?" ಎಂದು ಕೇಳಿದೆವು.

"ಎಲ್ಲಿಂದ ಬರತದರೀ! ಹಾಲಿಗೆ ಮನ್ಯಾಗಿನ ಎಮ್ಮಿ, ಬದಾಮಿಗೆ ಅವರಪ್ಪನ ಸಾಲ. ಜಾತ್ರಿ ಕುಸ್ತಿ ಗೆದ್ದರ ಸಾಲ ತೀರತದ. ಸೋತರ ಎಮ್ಮಿ ಮಾರೂದು," ಎಂದರು ವಸ್ತಾದರು.

ಅವರು ಹಳೆಯ ಕಾಲವನ್ನು ನೆನೆದರು. ಕೊಲ್ಲಾಪುರದ ಶಾಹೂ ಮಹಾರಾಜರು ಜಟ್ಟಿಗಳನ್ನು ಮನೆಯ ಮಕ್ಕಳಂತೆ ಸಾಕಿದರು. ಅಲ್ಲಿಯ ಖಾಸಬಾಗ ಮೈದಾನವು 1912ರಲ್ಲಿ ಅವರ ಆಶ್ರಯದಿಂದಲೇ ಆದದ್ದು. ಸಂಸ್ಥಾನಗಳು ಹೋದ ಮೇಲೆ ಆ ಅನ್ನಛತ್ರವೂ ಮುಚ್ಚಿತು. 1952ರಲ್ಲಿ ಖಾಶಾಬಾ ಜಾಧವರು ಹೆಲ್ಸಿಂಕಿಯ ಒಲಿಂಪಿಕ್ಕಿಗೆ ಹೋಗಬೇಕಾದಾಗ ಊರವರು ವರ್ಗಣಿ ಕೂಡಿಸಬೇಕಾಯಿತು. ಅವರ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟರೆಂಬದು ಪ್ರಸಿದ್ಧ ಸಂಗತಿ. ಜಾಧವರು ಕಂಚಿನ ಪದಕ ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರನು ಗಳಿಸಿದ ಮೊದಲ ಒಲಿಂಪಿಕ್ ಪದಕವದು.

"ಈಗ ಹುಡುಗರಿಗೆ ಮ್ಯಾಟಿನ ಮ್ಯಾಲೆ ಆಡೋದು ಕಲಸಬೇಕ್ರಿ. ಆರು ಮಿನಿಟು, ಗುಣದ ಲೆಕ್ಕ," ಎಂದರು ವಸ್ತಾದರು. ಇದರ ಹಿಂದಿನ ಕಥೆಯನ್ನು ವಾಚಕರು ತಿಳಿಯತಕ್ಕದ್ದಿದೆ. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ಕಿನ ಆಡಳಿತಮಂಡಲಿಯು, 2020ರಿಂದ ಕುಸ್ತಿಯನ್ನೇ ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. ಗ್ರೀಕರ ಕಾಲದಿಂದ ಬಂದ ಆಟವಿದು! ನಿಯಮಗಳು ಸಾಮಾನ್ಯನಿಗೆ ತಿಳಿಯುವಂತಿಲ್ಲ, ನೋಡುವವರ ಮನಸ್ಸನ್ನು ಹಿಡಿಯುವದಿಲ್ಲ ಎಂಬ ಟೀಕೆಗಳು ಕೇಳಿಬಂದವು. ಕುಸ್ತಿಯ ಲೋಕಸಂಘದ ಅಧ್ಯಕ್ಷರು ಹುದ್ದೆ ಬಿಟ್ಟರು. ಸುಮಾರು ಮೂರು ತಿಂಗಳಲ್ಲಿ ನಿಯಮಗಳು ಬದಲಾದವು. ಮೂರು ಮೂರು ನಿಮಿಷಗಳ ಎರಡು ಭಾಗ, ಎರಡರ ಗುಣಗಳನ್ನೂ ಕೂಡಿಸಿ ಫಲಿತಾಂಶ ಎಂಬ ಸರಳ ಲೆಕ್ಕ ಬಂದಿತು. ಅದೇ ಸೆಪ್ಟೆಂಬರದಲ್ಲಿ ಕುಸ್ತಿಯು ಮತ್ತೆ ಒಲಿಂಪಿಕ್ಕಿನಲ್ಲಿ ಸ್ಥಳ ಪಡೆಯಿತು. ನಮ್ಮ ಕಬಡ್ಡಿಗೂ 2014ರಲ್ಲಿ ದೂರದರ್ಶನದ ಪಂದ್ಯಾವಳಿ ಆರಂಭವಾದಾಗ 30 ಸೆಕೆಂಡಿನ ಗಡಿಯಾರ ಬಂದಿತು. ಮೊದಲು ಆಟಗಾರನ ಉಸಿರೇ ಅವನ ಗಡಿಯಾರವಾಗಿತ್ತು. ಅದರಿಂದ ಹಳ್ಳಿಯ ಹುಡುಗರಿಗೆ ಹಣವೂ ಕೀರ್ತಿಯೂ ದೊರೆತವು ಎಂಬದನ್ನೂ ಮರೆಯಬಾರದು.

ಮರುದಿನ ಮಧ್ಯಾಹ್ನ ಗುಡಿಯ ಹಿಂದಿನ ಬಯಲಿನಲ್ಲಿ ಕುಸ್ತಿಗಳು ಮೊದಲಾದವು. ಕಣದ ಸುತ್ತ ಮೂರು ಸಾವಿರ ಜನರಿಗೆ ಕಡಿಮೆಯಿಲ್ಲ. ಗಿಡದ ಮೇಲೆಯೂ ಮಾಳಿಗೆಯ ಮೇಲೆಯೂ ಹುಡುಗರು. ಹಲಗೆಯ ಸದ್ದು ಎದೆಯಲ್ಲಿ ಗುದ್ದಿದಂತಾಗುತ್ತಿತ್ತು. ತೆಂಗಿನಕಾಯಿಗಾಗಿ ಹಿಡಿಯುವ ಚಿಕ್ಕ ಮಕ್ಕಳ ಕುಸ್ತಿಯಿಂದ ಹಿಡಿದು, ನೂರು, ಐನೂರು, ಸಾವಿರ ಎಂದು ಬಹುಮಾನವು ಏರುತ್ತ ಹೋಯಿತು. ಈ ಹಣವೆಲ್ಲ ಊರ ಪಟ್ಟಿಯದು. ಮನೆಗಿಷ್ಟೆಂದು ಪಂಚರು ಎತ್ತಿದ್ದು. ಒಂದನೆಯ ನಂಬರಿನ ಕುಸ್ತಿಯ ಬಹುಮಾನವನ್ನು ಮಾತ್ರ ನಗರದ ಒಬ್ಬ ದಾನಿಗಳು ಕೊಡಮಾಡಿದ್ದರು. ಅವರ ದೊಡ್ಡ ಚಿತ್ರವುಳ್ಳ ಬಟ್ಟೆಯು ಕಣದ ಹಿಂದೆ ಕಟ್ಟಲ್ಪಟ್ಟಿತ್ತು. ಪಕ್ಕದಲ್ಲಿ ತರುಣನೊಬ್ಬನು ಕುಸ್ತಿಗಳನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತಿದ್ದನು.

ನಾಲ್ಕು ಗಂಟೆಗೆ ಬರಬೇಕಾದ ದಾನಿಗಳು ಆರಾದರೂ ಬರಲಿಲ್ಲ. ಅವರೇ ಬಂದು ಜಟ್ಟಿಗಳ ಕೈ ಕೂಡಿಸಬೇಕೆಂಬ ಕರಾರು. ಮೈ ಕಾಯಿಸಿಕೊಂಡು ನಿಂತಿದ್ದ ಹುಡುಗನು ಎರಡು ತಾಸು ಕುಳಿತು ತಣ್ಣಗಾದನು. ಅವನ ತಂದೆಯು ಗಿಡದ ಬುಡದಲ್ಲಿ ಟವೆಲು ಹೊದ್ದು ಕುಳಿತು ಒಂದೇ ಸಮನೆ ರಸ್ತೆಯನ್ನೇ ನೋಡುತ್ತಿದ್ದನು. ಕಡೆಗೆ ಮೋಟಾರು ಬಂದಿತು. ದೀಪ ಹಚ್ಚಿದರು, ಹಾರ ಹಾಕಿದರು, ಫೋಟೋ ತೆಗೆದರು. ಚಿತ್ರವು ಸರಿಯಾಗಿ ಬರಲಿಲ್ಲವೆಂದು ಎರಡನೆಯ ಸಲ ಕೈ ಕೂಡಿಸಿದರು. ಆಮೇಲೆ ಕುಸ್ತಿ ಹತ್ತಿತು.

ಎದುರಾಳಿಯು ಕೊಲ್ಲಾಪುರದ ಕಡೆಯ ಪಳಗಿದ ಜಟ್ಟಿ. ಹದಿನೈದು ನಿಮಿಷಗಳಾದರೂ ಯಾರ ಬೆನ್ನೂ ಮಣ್ಣು ಮುಟ್ಟಲಿಲ್ಲ. ದಾನಿಗಳಿಗೆ ಬೇರೆ ಊರಿನ ಕಾರ್ಯಕ್ರಮವಿತ್ತು. ಧ್ವನಿವರ್ಧಕದಲ್ಲಿ, "ಇನ್ನೈದು ಮಿನಿಟಿನಾಗ ಗುಣದ ಮ್ಯಾಲೆ ತೀರ್ಮಾನ" ಎಂಬ ಕೂಗು ಕೇಳಿಸಿತು. ಹುಡುಗನು ಆ ಹೊತ್ತಿಗೆ ಎದುರಾಳಿಯನ್ನು ಎರಡು ಸಲ ಕೆಳಗೆ ತಂದಿದ್ದನು. ಗುಣಗಳನ್ನು ಎಣಿಸಿದರೆ ಗೆಲವು ಅವನದೇ ಆಗುತ್ತಿತ್ತು, ಸಾಲವೂ ತೀರುತ್ತಿತ್ತು. ಆಗ ವಸ್ತಾದರು ಕಟ್ಟೆಯಿಂದಿಳಿದು ಪಂಚರ ಮುಂದೆ ಹೋಗಿ ಕೈಮುಗಿದರು: "ಹಿರಿಯರೇ, ಈ ಊರ ಕಣದಾಗ ಇಂದಿನ ತನಕ ಕುಸ್ತಿ ನಿಕಾಲಿ ಆಗೇದ. ನನ್ನ ಹುಡುಗನ ಸಲುವಾಗಿ ಅದನ್ನ ಮುರೀಬ್ಯಾಡ್ರಿ."

ಪಂಚರು ಒಬ್ಬರ ಮುಖವನ್ನೊಬ್ಬರು ನೋಡಿದರು. ಅವರಲ್ಲಿ ಹಿರಿಯರು ದಾನಿಗಳ ಬಳಿಗೆ ಹೋಗಿ, ತಮಗೆ ಹೊತ್ತಾಗಿದ್ದರೆ ಸುಖವಾಗಿ ಹೋಗಬಹುದೆಂದೂ, ಕುಸ್ತಿಯು ಮಾತ್ರ ಮುಗಿಯುವವರೆಗೆ ನಡೆಯುವದೆಂದೂ ವಿನಯದಿಂದ ಹೇಳಿದರು. ದಾನಿಗಳು ಸಣ್ಣ ಮನಸ್ಸಿನವರಲ್ಲ. ಕ್ಷಣಹೊತ್ತು ಸುಮ್ಮನಿದ್ದು ಮತ್ತೆ ಕುಳಿತರು. ಇಪ್ಪತ್ತೆಂಟನೆಯ ನಿಮಿಷದಲ್ಲಿ ನಮ್ಮ ಹುಡುಗನು ಚಿತ್ತಾದನು.

ಬಯಲು ಒಂದು ಗಳಿಗೆ ಸ್ತಬ್ಧವಾಗಿ, ಆಮೇಲೆ ಗೆದ್ದವನಿಗಾಗಿ ಭೋರ್ಗರೆಯಿತು. ಗೆದ್ದವನೇ ಸೋತವನನ್ನು ಎಬ್ಬಿಸಿ ಅಪ್ಪಿಕೊಂಡನು. ಜನರು ಕಣಕ್ಕೆ ನುಗ್ಗಿ ಸೋತ ಹುಡುಗನ ಕೈಗೂ ಹತ್ತು, ಐವತ್ತು, ನೂರರ ನೋಟುಗಳನ್ನು ತುರುಕಿದರು. ದಾನಿಗಳೂ ಕೊಟ್ಟರು, ಆಗ ಫೋಟೋ ತೆಗೆಯುವವನು ಹತ್ತಿರವಿರಲಿಲ್ಲ. ಅಷ್ಟರಿಂದ ಸಾಲವು ಪೂರ್ತಿ ತೀರಿತೆಂದು ನಾವು ಹೇಳಲಾರೆವು. ಎಮ್ಮೆಯು ಮಾತ್ರ ಉಳಿಯಿತೆಂದು ರಾತ್ರಿ ಊಟದಲ್ಲಿ ಬೀಗರು ತಿಳಿಸಿದರು.

"ಗುಣದ ಮೇಲೆ ಗೆಲ್ಲುತ್ತಿದ್ದನಲ್ಲ, ವಸ್ತಾದರೇ?" ಎಂದು ಕೇಳದೆ ಇರಲು ನಮ್ಮಿಂದಾಗಲಿಲ್ಲ.

"ಗೆಲ್ಲತಿದ್ದ. ನಾಳೆ ಇವನಽ ಗೆಲ್ಲೂ ಹೊತ್ತಿನ್ಯಾಗ ಇನ್ನೊಬ್ಬ ದಾನಿ ಗಡಿಯಾರ ನೋಡಿದರ?" ಎಂದು ಮುದುಕರು ಮಣ್ಣಾದ ಅವನ ಬೆನ್ನನ್ನು ಒರಸತೊಡಗಿದರು.

ತಿರುಗಿ ಬರುವಾಗ ರೈಲಿನಲ್ಲಿ ಈ ಮಾತನ್ನೇ ಮೆಲಕುಹಾಕಿದೆವು. ಹಣವಿಲ್ಲದೆ ಆಟವಿಲ್ಲ, ಹಣ ಕೊಟ್ಟವನಿಗೆ ಮಾನವೂ ಸಲ್ಲಬೇಕು. ಆದರೆ ಕೊಟ್ಟವನಿಗೆ ಮಾನವನ್ನು ಕೊಡುವದು ಬೇರೆ, ಆಟದ ಲಗಾಮನ್ನೇ ಕೊಡುವದು ಬೇರೆ. ಗಾಲ್ಫಿನ ಲೋಕದಲ್ಲಿಯೂ ಈ ಭೇದವನ್ನು ಬಲ್ಲವರಿದ್ದಾರೆ. ಮೇಲೆ ಹೇಳಿದ ಮಾಸ್ಟರ್ಸ್ ಪಂದ್ಯವನ್ನು ನಡೆಸುವವರು, ಹಣ ಹೇರಳವಾಗಿ ಸಿಕ್ಕುವಂತಿದ್ದರೂ, ಜಾಹೀರಾತನ್ನು ತಾಸಿಗೆ ನಾಲ್ಕು ನಿಮಿಷಗಳಷ್ಟಕ್ಕೇ ಬಹುಕಾಲ ಮಿತಗೊಳಿಸಿದ್ದರು. ಅಮೇರಿಕೆಯ ಆ ಶ್ರೀಮಂತರೂ ನಮ್ಮ ಹಳ್ಳಿಯ ಪಂಚರೂ ಈ ಒಂದು ವಿಷಯದಲ್ಲಿ ಒಂದೇ ಮಾತನ್ನಾಡಿದಂತಾಯಿತು. ಲಗಾಮು ಕೈತಪ್ಪಿದರೆ ಏನಾಗುವದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಹೆಸರನ್ನೇ ಹೊತ್ತ ಕ್ರಿಕೆಟ್ ತಂಡವೊಂದು ರಾಜ್ಯದ ಪಂದ್ಯಾವಳಿಯಲ್ಲಿ ಆಡುತ್ತಿತ್ತು; 2019ರಲ್ಲಿ ಅದರ ಮಾಲೀಕರು ಬಾಜಿಯ ಆರೋಪದ ಮೇಲೆ ಬಂಧಿತರಾದರು, ಆ ವರ್ಷದ ತರುವಾಯ ಪಂದ್ಯಾವಳಿಯೇ ನಿಂತುಹೋಯಿತು. ಊರಿನ ಹೆಸರು ಬೆಳಗಾವಿಯದಾಗಿದ್ದರೂ, ಅದನ್ನು ಕಾಯುವ ಪಂಚರು ಅಲ್ಲಿರಲಿಲ್ಲ.

ಗೃಹಸ್ಥರಾದ ನಮ್ಮ ವಾಚಕರು ಇದರಲ್ಲಿ ಏನು ಮಾಡಬಲ್ಲರು? ಒಂದು ಸಣ್ಣ ಕೆಲಸವನ್ನಂತೂ ಮಾಡಬಹುದು. ಬೆಳಗಾವಿಯ ಸಮೀಪದ ತುರಮರಿಯ ಹೆಣ್ಣುಮಗಳು ಮಲಪ್ರಭಾ ಜಾಧವ, 2018ರ ಏಷ್ಯಾದ ಪಂದ್ಯಗಳಲ್ಲಿ ಕುರಾಶ್ ಎಂಬ ಕುಸ್ತಿಯಂಥ ಆಟದಲ್ಲಿ ಕಂಚಿನ ಪದಕ ಗೆದ್ದಳು. ನಮ್ಮ ನದಿಯ ಹೆಸರಿನವಳೇ ಆದ ಅವಳ ಆಟವನ್ನು ನಮ್ಮಲ್ಲಿ ಎಷ್ಟು ಜನರು ಕಂಡಿದ್ದೇವೆ? ಗಾಜಿನಲ್ಲಿ ತೋರಿಸಿದ್ದನ್ನು ಮಾತ್ರ ಆಟವೆಂದು ತಿಳಿದು ಕುಳಿತರೆ ತೋರಿಸುವವನೇ ಆಟದ ಒಡೆಯನಾಗುವನು. ನಿಮ್ಮ ಊರಿನಲ್ಲಿ ಗರಡಿಯಿದ್ದರೆ ಮಕ್ಕಳ ಕೈಹಿಡಿದು ಒಮ್ಮೆ ಹೋಗಿ ಬನ್ನಿರಿ. ಜಾತ್ರೆಯ ಪಟ್ಟಿಗೆ ಬಂದವರನ್ನು ಬರಿಗೈಯಿಂದ ಕಳುಹಿಸಬೇಡಿರಿ. ಹತ್ತು ಮನೆಗಳ ಐವತ್ತು ಐವತ್ತು ರೂಪಾಯಿಗಳು ಕೂಡಿದಲ್ಲಿ ಯಾವನೊಬ್ಬನ ಗಡಿಯಾರವೂ ನಡೆಯಲಾರದು.

ಟಿಳಕವಾಡಿಯ ಅಜ್ಜಿಯವರಿಗೆ ಖಾನಾಪುರದಿಂದ ಒಂದು ಮಣ್ಣಿನ ಗಡಿಗೆಯನ್ನು ತಂದುಕೊಟ್ಟು, ಕುಸ್ತಿಯ ಕಥೆಯನ್ನು ಹೇಳಿದೆವು. ಅವರು ಎಲ್ಲವನ್ನೂ ಕೇಳಿ, ಗಡಿಗೆಯನ್ನು ಬೆರಳಿನಿಂದ ಬಾರಿಸಿ ನೋಡಿ, "ಆ ಹುಡುಗ ಉಂಡನೇನಪಾ?" ಎಂದರು. ಉಂಡನೆಂದು ಹೇಳಲು ನಮಗೆ ಸಂತೋಷವಾಯಿತು.